ಮರಗೆಸುವಿನ ಪತ್ರೊಡೆ

ಮುಂಗಾರು ಹಿಡಿದು ಎರಡು ಮೂರು ವಾರವಾಗುವಷ್ಟರಲ್ಲಿ ಮಲೆನಾಡಿನ ಹಳೆಯ ಮಾವು, ಹಲಸಿನ ಮರಗಳ ಕವಲುಗಳಲ್ಲಿ ಮರಗೆಸು ಎಲೆ ಬಿಚ್ಚುತ್ತದೆ. ಬೇಸಿಗೆಯಲ್ಲಿ ನೋಡಿದರೆ ಅಲ್ಲಿರುವುದು ಒಣಗಿದ ಹಾವಸೆ ಮಾತ್ರ. ಅದರಡಿಯಲ್ಲಿ ಗಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ಕವಲಿನಲ್ಲಿ ಕೊಳೆತ ತರಗೆಲೆ, ತೊಟ್ಟಿಕ್ಕುವ ಮಳೆನೀರು ಇದ್ದರೆ ಅದರ ಸಂಸಾರ ಸಾಗುತ್ತದೆ. ಹೂ ಬಿಡುವುದೇ ಅಪರೂಪ, ಬೀಜ ಇನ್ನೂ ಅಪರೂಪ. ಅದಕ್ಕೆ ಬದಲಾಗಿ ನೆಟ್ಟಗೆ ನಿಂತ ಕಡ್ಡಿಗಳ ಮೇಲೆ ಕೊಕ್ಕೆಗಳಿರುವ ಪುಟ್ಟ ಮರಿಗಡ್ಡೆಗಳು ಮೂಡುತ್ತವೆ. ಹಕ್ಕಿಯ ಗರಿಗೋ ಪ್ರಾಣಿಯ ಕೂದಲಿಗೋ ಸಿಕ್ಕಿಕೊಂಡು ಅವು ಮುಂದಿನ ಮರಕ್ಕೆ ಹೋಗುತ್ತವೆ.

ಹಿತ್ತಲಲ್ಲಿ ಬೆಳೆಸಬೇಕೆಂದರೆ ಈ ಅಲೆಮಾರಿಯ ಸ್ವಭಾವಕ್ಕೆ ನಾವು ಹೊಂದಿಕೊಳ್ಳಬೇಕು. ಮಳೆಗೆ ಮುಂಚೆ ಗಡ್ಡೆಯನ್ನು ಮರದ ಕವಲಿನಲ್ಲಿ ಒಂದು ಹಿಡಿ ಎಲೆಗೊಬ್ಬರದೊಂದಿಗೆ ಕೂರಿಸಿ, ತೆಂಗಿನ ನಾರಿನಿಂದ ಬಿಗಿದರೆ ಸಾಕು. ಮರವಿಲ್ಲದ ಪೇಟೆಯವರು ನೆರಳಿನ ಕುಂಡದಲ್ಲಿ ಪ್ರಯತ್ನಿಸಬಹುದು. ಆದರೆ ಚಳಿಗಾಲದಲ್ಲಿ ಎಲೆ ಹಳದಿಯಾಯಿತೆಂದು ಮರುಗಿ ನೀರು ಸುರಿಯಬಾರದು, ಗಡ್ಡೆ ಕೊಳೆಯುತ್ತದೆ. ಅದು ಮಲಗುವ ಹೊತ್ತು, ಮಲಗಲಿ.

ಇನ್ನು ಎಲೆಗೆ ಹಿಟ್ಟು ಸವರಿ, ಸುತ್ತಿ, ಬೇಯಿಸುವ ಪತ್ರೊಡೆಯ ಮಾತು. ನೆಲದ ಕೆಸುವಿನ ಎಲೆ ದಪ್ಪ, ಹಿಟ್ಟಿನೊಂದಿಗೆ ಜಗಳಕ್ಕೆ ನಿಂತಂತಿರುತ್ತದೆ. ಮರಗೆಸುವಿನದು ತೆಳು, ನುಣುಪು. ಬೆಂದಾಗ ಹಿಟ್ಟಿನೊಳಗೆ ಕರಗಿ, ಮಳೆಯಲ್ಲಿ ನೆನೆದ ಕಾಡಿನ ಒಂದು ಹಸಿರು ಪರಿಮಳವನ್ನಷ್ಟೇ ಉಳಿಸುತ್ತದೆ. ಎಲೆಯ ಹಿಂಬದಿಯ ದಪ್ಪ ನರ ಹೆರೆದು, ಬೆನ್ನು ಮೇಲಾಗಿ ಹಾಸಿ, ಹಿಟ್ಟು ಸವರಿ, ಮೇಲೊಂದು ಎಲೆ, ಮತ್ತೆ ಹಿಟ್ಟು. ಅಂಚು ಮಡಚಿ ಸುರುಳಿ ಸುತ್ತಬೇಕು. ನೆನೆಸಿದ ಅಕ್ಕಿ, ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಹುಳಿ, ಬೆಲ್ಲ ಎಲ್ಲ ಸೇರಿದ ಈ ಹಿಟ್ಟು ತರಿತರಿಯಾಗಿರಬೇಕು. ನುಣ್ಣಗೆ ರುಬ್ಬಿದವರ ಪತ್ರೊಡೆ ಅಂಟಂಟು.

ಹುಳಿಗೆ ಮಾತ್ರ ಕೈ ಬಿಗಿಹಿಡಿಯಬೇಡಿ. ಕೆಸುವಿನ ಜಾತಿಯ ಎಲೆಗಳಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅವುಗಳಿಂದಲೇ. ಮರಗೆಸುವಿನಲ್ಲಿ ತುರಿಕೆ ಕಡಿಮೆ ಎನ್ನುತ್ತಾರೆ. ಆದರೂ ಹುಳಿ ಹಾಕಿ, ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸುವುದೇ ಕ್ಷೇಮ. ಹುಣಸೆಯ ಬದಲು ವಾಟೆಹುಳಿ ಇದ್ದರೆ ಇನ್ನೂ ಸೊಗಸು. ಅಂದಹಾಗೆ ಹುಣಸೆ ಮೂಲತಃ ಆಫ್ರಿಕದ್ದು, ಮೆಣಸಿನಕಾಯಿ ಅಮೆರಿಕದ್ದು. ಈ ನೆಲದ್ದೇ ಬೇಕೆಂದು ಅಡುಗೆಮನೆಯಲ್ಲಿ ಮಡಿ ಹಿಡಿದು ಕೂತರೆ ಪತ್ರೊಡೆ ಆಗುವುದಿಲ್ಲ!

ಬಿಸಿಯಾಗಿ ಇಳಿಸಿದ ಕೂಡಲೇ ಕತ್ತರಿಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಆರಿದ ಮೇಲೆ ಬಿಲ್ಲೆ ಕೊಯ್ದು, ಕಾವಲಿಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಕೆಲವರು ಪುಡಿಮಾಡಿ, ಬೆಲ್ಲ ತೆಂಗಿನತುರಿ ಸೇರಿಸಿ ಒಗ್ಗರಣೆ ಹಾಕುತ್ತಾರೆ. ಅದೂ ರುಚಿಯೇ, ಆದರೆ ಅಷ್ಟು ಸಿಹಿಯಲ್ಲಿ ಎಲೆಯ ಪರಿಮಳ ಮುಳುಗಿಹೋಗುತ್ತದೆ ಎಂಬುದು ನನ್ನ ತಕರಾರು.

ಕೀಳುವಾಗ ಗಿಡಕ್ಕೆ ಒಂದೆರಡು ಎಲೆ ಬಿಡಬೇಕು, ಮುಂದಿನ ವರ್ಷದ ಗಡ್ಡೆ ತುಂಬುವುದು ಅವುಗಳಿಂದ. ಮಳೆಗಾಲದ ಆಟಿ ತಿಂಗಳಲ್ಲಿ ಕರಾವಳಿಯ ಪೇಟೆಗಳಿಗೂ ಮರಗೆಸುವಿನ ಕಟ್ಟುಗಳು ಬರುತ್ತವೆ. ಬೆಲೆ ನೆಲದ ಕೆಸುವಿಗಿಂತ ಹೆಚ್ಚು. ಮಳೆಯಲ್ಲಿ ಜಾರುವ ಮರ ಹತ್ತಿ ತಂದವರೊಡನೆ ಚೌಕಾಸಿ ಮಾಡಲು ನನಗಂತೂ ಬಾಯಿ ಬರುವುದಿಲ್ಲ.