ಗಾಳಿಗೂ ಲೈಸೆನ್ಸು: ಸಂಘಂ ರೇಡಿಯೋದ ಹೆಂಗಸರು ಮತ್ತು ನಮ್ಮ ವಿಮರ್ಶೆ

ದಲಿತ ವಿಮರ್ಶೆ ಅಂತ ನಾವು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು ಬಹುಮಟ್ಟಿಗೆ ಅಚ್ಚಾದ ಪುಸ್ತಕದ ವಿಮರ್ಶೆ. ಸಂಕಲನ ಬಂತು, ಆತ್ಮಕತೆ ಬಂತು, ಬರೆದೆವು. ಅಕ್ಷರ ಬಾರದ ದಲಿತ ಹೆಣ್ಣುಮಗಳು ಇದರೊಳಕ್ಕೆ ಬರುವುದು ಯಾರದೋ ಕಾದಂಬರಿಯ ಪಾತ್ರವಾಗಿ, ಇಲ್ಲವೇ ಜನಪದ ಸಂಗ್ರಹವೊಂದರ 'ವಕ್ತೃ'ವಾಗಿ. ಹಾಡಿದವಳು ಅವಳು, ಸಂಪಾದಕ ಇನ್ನೊಬ್ಬ. ಆದರೆ ಅವಳೇ ಮೈಕು ಹಿಡಿದು, ಅವಳೇ ರೆಕಾರ್ಡು ಮಾಡಿ, ಯಾವ ಮಾತು ಉಳಿಯಬೇಕು ಯಾವುದನ್ನು ಕತ್ತರಿಸಬೇಕು ಅಂತ ಅವಳೇ ತೀರ್ಮಾನಿಸಿದರೆ? ಸರ್ಕಾರದ ಕಡತಗಳು, ಸಂಸ್ಥೆಗಳ ವರದಿಗಳು ಇದನ್ನು 'ಸಬಲೀಕರಣ' ಎಂದು ಕರೆದು ಕೈತೊಳೆದುಕೊಳ್ಳುತ್ತವೆ. ನನಗೆ ಆ ಪದ ಸಾಲದು. ಅವಳು ಸಂಪಾದಕಿ, ಅಷ್ಟೆ.

ಬೀದರ್ ಗಡಿಯಿಂದ ದೂರವೇನಲ್ಲದ ಜಹೀರಾಬಾದ್ ಸೀಮೆಯಲ್ಲಿ, ಮಾಚನೂರು ಎಂಬ ಹಳ್ಳಿಯಿಂದ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಪ್ರಸಾರ ಶುರುವಾಯಿತು. ಆಗ ಅದು ಆಂಧ್ರದ ಮೇದಕ್ ಜಿಲ್ಲೆ, ಈಗ ತೆಲಂಗಾಣ. ನಡೆಸಿದವರು ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಇಬ್ಬರು ದಲಿತ ಹೆಣ್ಣುಮಕ್ಕಳು. ಹಿಂದೆ ನಿಂತಿದ್ದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು. ಈ ಸಂಘಗಳಲ್ಲಿ ಹೆಚ್ಚಿನವರು ದಲಿತ ಹೆಂಗಸರು, ತುಂಡು ಹೊಲದಲ್ಲಿ ಮಳೆ ನಂಬಿ ಜೋಳ, ನವಣೆ, ತೊಗರಿ ಬಿತ್ತುವವರು. ಆರಂಭದ ದಿನಗಳಲ್ಲಿ ಪ್ರಸಾರ ಸಂಜೆ ಏಳರ ಮೇಲೆ. ಹೊಲದ ಕೆಲಸ ಮುಗಿಯದೆ ರೇಡಿಯೋ ಯಾರು ಹಾಕ್ತಾರೆ? ಈ ಗಡಿಯಾರವೇ ಆಕಾಶವಾಣಿಯ ಗಡಿಯಾರಕ್ಕಿಂತ ಬೇರೆ.

2008ಕ್ಕೆ ಶುರುವಾಯಿತು ಅಂದೆ. ಆದರೆ ಯುನೆಸ್ಕೋ ನೆರವಿನಿಂದ ಇವರ ಸ್ಟುಡಿಯೋ ಸಿದ್ಧವಾದದ್ದು ತೊಂಬತ್ತರ ದಶಕದಲ್ಲಿಯೇ! ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಹೇಳಿದ್ದಕ್ಕೆ ಸರ್ಕಾರ 2002ರಲ್ಲಿ ಬಾಗಿಲು ತೆರೆದದ್ದು ಯಾರಿಗೆ? ಹೆಸರಾದ ವಿದ್ಯಾಸಂಸ್ಥೆಗಳಿಗೆ. ಮೊದಲ ಕ್ಯಾಂಪಸ್ ರೇಡಿಯೋ 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಬಂತು. 'ಸಾರ್ವಜನಿಕ' ಎಂಬ ಮಾತಿಗೆ ಈ ದೇಶದಲ್ಲಿ ಯಾವಾಗಲೂ ಒಂದು ಸರತಿ ಸಾಲು ಇರುತ್ತದೆ. ಓದಿದವರು ಮುಂದೆ, ಕೇರಿಯವರು ಹಿಂದೆ. ಊರಿನ ಬಾವಿ ಕೂಡ ಸಾರ್ವಜನಿಕವೇ ಆಗಿತ್ತಲ್ಲ! ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರ ನೀತಿಯಿಂದ. ಅಲ್ಲಿಯವರೆಗೆ ಈ ಹೆಂಗಸರು ರೆಕಾರ್ಡು ಮಾಡಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಿಗೆ ಹೊತ್ತುಕೊಂಡು ಹೋಗಿ ಕೇಳಿಸುತ್ತಿದ್ದರು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರೂ ಆಕಾಶ ಸಿಗದೆ ಕೇಬಲ್ ತಂತಿ ಹಿಡಿದೇ ಮನೆಮನೆಗೆ ದನಿ ಮುಟ್ಟಿಸಿದರು.

ಭಾಷೆಯ ವಿಷಯಕ್ಕೆ ಬರೋಣ. ಮಾಚನೂರಿನ ರೇಡಿಯೋ ಆಡುವುದು ಉರ್ದು, ಕನ್ನಡ ಬೆರೆತ ಆ ಸೀಮೆಯ ತೆಲುಗು. ಅಚ್ಚಿನ ತೆಲುಗಿನ ಕಣ್ಣಿಗೆ ಅದು ಒರಟು. 'ಕುಸುಮಬಾಲೆ'ಯ ನಂಜನಗೂಡು ಸೀಮೆಯ ಮಾತು ನಮ್ಮ ಎಷ್ಟು ಜನ ಪಂಡಿತರಿಗೆ ಅರ್ಥವಾಗದೆ ಹೋಯಿತು, ನೆನಪಿರಬಹುದು. ಕೊನೆಗೆ 1990ರ ಅಕಾಡೆಮಿ ಪ್ರಶಸ್ತಿಯೂ ಬಂತು ಬಿಡಿ. ಆದರೆ ಅಲ್ಲಿ ಆ ಮಾತಿಗೆ ದೇವನೂರರಂಥ ದೊಡ್ಡ ಬರಹಗಾರನ ಹೆಸರಿನ ಬಲವಿತ್ತು. ಬೀಜ ಕಾಪಾಡುವುದು ಹೇಗೆ, ಬಾಣಂತಿಗೆ ಏನು ಕೊಡಬೇಕು ಅಂತ ನರಸಮ್ಮ ಅದೇ ಬಗೆಯ ಮಾತಿನಲ್ಲಿ ಹೇಳಿದರೆ ಅದು 'ಮಾಹಿತಿ' ಆಗುತ್ತದೆ, ಕೃತಿ ಆಗುವುದಿಲ್ಲ. ಯಾಕೆ? ಕಾಳು ಆರಿಸಿ ಬೂದಿ ಬೆರೆಸಿ ಬೀಜ ಎತ್ತಿಡುವ ಹೆಂಗಸು ವರ್ಷದ ಬೆಳೆಯನ್ನು ಮೊದಲೇ ತೀರ್ಮಾನಿಸಿರುತ್ತಾಳೆ. ಆ ತೀರ್ಮಾನ ಕಂಪನಿಯ ಪೊಟ್ಟಣಕ್ಕೆ ಹೋದಾಗ ಅವಳ ಬಾಯಿಯ ಮಾತೂ ಹೋಗುತ್ತದೆ. ರೇಡಿಯೋದಲ್ಲಿ ಅವಳು ಬೀಜದ ಹೆಸರು ಹೇಳುವುದು ಕೃಷಿ ಸಲಹೆ ಮಾತ್ರ ಅಲ್ಲ.

ಇಲ್ಲಿಗೆ ಸಂಭ್ರಮ ನಿಲ್ಲಬೇಕು. 2006ರ ನೀತಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಪ್ರಸಾರ ಮಾಡಕೂಡದು ಎಂದಿತು, ರಾಜಕೀಯವಂತೂ ಕೂಡದು. ನವಣೆ ಬಗ್ಗೆ ಮಾತಾಡಿ, ಹಾಡು ಹೇಳಿ, ಸೋಬಾನೆ ಹಾಡಿ, ಸಂತೋಷ. ಆ ನವಣೆ ಬೆಳೆವ ನೆಲ ಯಾರ ಹೆಸರಿನಲ್ಲಿದೆ? ಕೇರಿಯ ಹುಡುಗನನ್ನು ಕಂಬಕ್ಕೆ ಕಟ್ಟಿ ಹೊಡೆದರೆ? ಅದು ಸುದ್ದಿ, ಹೇಳುವಂತಿಲ್ಲ. ಪತ್ರಿಕೆ ನಡೆಸುವವನಿಗೆ ಈ ಕಟ್ಟು ಇಲ್ಲ, ಟೀವಿಯವರು ಹಗಲೂ ರಾತ್ರಿ ಸುದ್ದಿಯನ್ನೇ ಕೂಗುತ್ತಾರೆ. ಅಕ್ಷರ ಬಾರದವರು ತಾವೇ ನಡೆಸಬಹುದಾದ ಮಾಧ್ಯಮಕ್ಕೇ ಹೀಗೆ ಬಾಯಿಗೆ ಬಟ್ಟೆ ಕಟ್ಟಿದರೆ, ಅದು ಜಾತಿಯ ಕಾನೂನಲ್ಲ ಅಂತ ಹೇಗೆ ನಂಬೋದು? ಜಾನಪದ ನಮ್ಮ ಪಾಲಿಗೆ, ವರ್ತಮಾನ ಅವರ ಪಾಲಿಗೆ.

ಇನ್ನೊಂದು ತೊಡಕು ಮನೆಯೊಳಗಿನದು. ಲೈಸೆನ್ಸು ಸಿಗುವುದು ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಗೆ. ಹಳ್ಳಿಯ ಹತ್ತು ಹೆಂಗಸರು ಸೇರಿದ ಕೂಟಕ್ಕಲ್ಲ. ಈ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು, 2023ರಲ್ಲಿ ತೀರಿಕೊಂಡರು. ಹೊಲ ಮಾಡುವ ಹೆಂಗಸರ ಕೈಗೆ ಯಂತ್ರ ಕೊಟ್ಟ ದೊಡ್ಡತನವನ್ನು ಅಲ್ಲಗಳೆಯಲಾರೆ. ಆದರೂ ದನಿ ನರಸಮ್ಮನದು, ಕಾಗದ ಸಂಸ್ಥೆಯದು ಎಂಬ ಏರ್ಪಾಡನ್ನು ದಲಿತ ವಿಮರ್ಶೆ ಪ್ರಶ್ನಿಸದೆ ಬಿಡಬಾರದು. ಸಂಸ್ಥೆ ಮುಚ್ಚಿದರೆ ದನಿ ಯಾರದು?

ನೀತಿಯಲ್ಲಿ ಒಂದು ಕಲಮು ಇದೆ: ಪ್ರಸಾರವಾದ ಎಲ್ಲ ಕಾರ್ಯಕ್ರಮಗಳ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಕಾದಿಡಬೇಕು. ಸರ್ಕಾರ ಕೇಳಬಯಸಿದರೆ ಇರಲಿ ಅಂತ, ಅನುಮಾನದಿಂದ. ಅನುಮಾನದಿಂದಾದರೂ ಕೇಳುವ ತಯಾರಿ ಅವರಿಗಿದೆ. ನಮ್ಮ ಕನ್ನಡ ವಿಭಾಗಗಳ ದಲಿತ ಸಾಹಿತ್ಯದ ಪತ್ರಿಕೆಗೆ ಇಂಥ ಒಂದು ಗಂಟೆಯ ಮುದ್ರಿಕೆಯನ್ನು ಪಠ್ಯವಾಗಿ ಇಡಲು ಯಾವ ಅಧ್ಯಯನ ಮಂಡಳಿ ಒಪ್ಪುತ್ತದೆ?