ಬಿಸಿಲನ್ನು ಬೇಡವೆನ್ನುವ ಎಲೆ

ಮರ ನೋಡುವ ಹವ್ಯಾಸದವರು ಹೆಚ್ಚಾಗಿ ಹೂವಿನ ಬೆನ್ನು ಹತ್ತುತ್ತಾರೆ. ಮುತ್ತುಗ ಕೆಂಪಾಯಿತೇ, ಹೊಂಗೆ ಮೊಗ್ಗು ಬಿಟ್ಟಿತೇ ಎಂದು ವಿಚಾರಿಸುವವರು ಎಲೆಯತ್ತ ಕಣ್ಣು ಹಾಯಿಸುವುದು ಕಡಿಮೆ. ಹೊಸೂರು–ರಾಯಕೋಟೆ ರಸ್ತೆಯ ಉದ್ದನಪಲ್ಲಿ ಸೀಮೆಯಲ್ಲಿ ಯುಗಾದಿಯ ಆಸುಪಾಸು ನೋಡಬೇಕಾದದ್ದು ಎಲೆಯನ್ನೇ. ಮಳೆ ಇನ್ನೂ ದೂರ, ಸೂರ್ಯ ನೆತ್ತಿಯ ಮೇಲೆ. ಅರಳಿ, ಬೇವು, ಹೊಂಗೆಗಳು ಮೆತ್ತನೆಯ ಚಿಗುರು ಹೊರಡಿಸುವುದು ಆ ಸುಡುಬಿಸಿಲಿನಲ್ಲೇ.

ಆ ಚಿಗುರು ಮೊದಲಿಗೆ ಹಸಿರಲ್ಲ. ಅರಳಿಯದು ತಾಮ್ರದ ಬಣ್ಣ, ಬೇವಿನದು ಕಂದುಗೆಂಪು. ಎಳೆ ಎಲೆಗೆ ಬಿದ್ದ ಬೆಳಕನ್ನೆಲ್ಲ ಆಹಾರವಾಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬಳಕೆಯಾಗದೆ ಉಳಿದ ಬೆಳಕು ಎಲೆಯ ಒಳಗನ್ನೇ ಕೆಡಿಸುತ್ತದೆ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಅದರಲ್ಲಿ ಒಂದು ಪಾಲನ್ನು ಹೀರಿ ತಡೆಯುತ್ತದೆ. ಕೆಂಪು ಇರುವುದು ಕೀಟಗಳನ್ನು ದೂರವಿಡಲು ಎಂಬ ವಾದವೂ ಸಸ್ಯವಿಜ್ಞಾನಿಗಳಲ್ಲಿದೆ. ಎರಡೂ ಕೆಲಸವನ್ನು ಒಂದೇ ಬಣ್ಣ ಮಾಡುತ್ತಿದ್ದರೆ ಅಚ್ಚರಿಯಿಲ್ಲ. ಮಾವಿನ ಚಿಗುರು ಕೆಂಪಾಗುವುದರ ಜೊತೆಗೆ ಜೋತೂ ಬೀಳುತ್ತದೆ, ನಡುಹಗಲ ಬಿಸಿಲು ಅದಕ್ಕೆ ಓರೆಯಾಗಿ ತಾಗುತ್ತದೆ.

ಉದ್ದನಪಲ್ಲಿ ಇರುವ ಕೃಷ್ಣಗಿರಿ ಜಿಲ್ಲೆ ಮಾವಿನ ನಾಡು. ತೋತಾಪುರಿ ಮರವೊಂದರ ತುದಿಯ ಎಲೆಯನ್ನೂ ಒಳಕೊಂಬೆಯ ನೆರಳಿನ ಎಲೆಯನ್ನೂ ಕಿತ್ತು ಬೆರಳಲ್ಲಿ ಒತ್ತಿ ನೋಡಬೇಕು. ಬಿಸಿಲಿನದು ದಪ್ಪ, ಗಡಸು. ಅದರಲ್ಲಿ ಬೆಳಕು ಹಿಡಿಯುವ ಉದ್ದುದ್ದ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ನೆರಳಿನದು ತೆಳು, ಅಗಲ. ಎಲೆ ಬೆಳೆಯುವಾಗ ಸಿಕ್ಕ ಬೆಳಕೇ ಅದರ ಮೈಕಟ್ಟನ್ನು ತೀರ್ಮಾನಿಸುತ್ತದೆ. ಬಲಿತ ಮೇಲೆ ಅದನ್ನು ಬದಲಿಸಿಕೊಳ್ಳುವುದು ಕಷ್ಟ. ನೆರಳುಪರದೆಯಡಿ ಬೆಳೆದ ಸಸಿಯನ್ನು ನೇರ ಬಯಲಲ್ಲಿ ನೆಟ್ಟರೆ ಎಲೆ ಬಿಳಿಚಿ ಸುಡುವುದು ಇದರಿಂದಲೇ. ಅದನ್ನು ಕಾಯಿಲೆಯೆಂದು ತಿಳಿದು ಔಷಧಿ ಹೊಡೆದರೆ ಹಣ ವ್ಯರ್ಥ; ಬಿಸಿಲಿಗೆ ದಿನದಿನವೂ ಸ್ವಲ್ಪಸ್ವಲ್ಪವೇ ಒಡ್ಡಿದರೆ ಹೊಸದಾಗಿ ಬರುವ ಎಲೆ ಗಟ್ಟಿಯಾಗಿಯೇ ಬರುತ್ತದೆ.

ಕ್ಷಣಕ್ಷಣಕ್ಕೆ ಬದಲಾಗುವ ಬೆಳಕಿಗೆ ಮಾತ್ರ ಬೇರೆಯೇ ಏರ್ಪಾಡು. ಮೋಡ ಸರಿದು ಬಿಸಿಲು ಬಿದ್ದರೆ ಎಲೆಯ ವಯೋಲಾಝಾಂಥಿನ್ ಎಂಬ ವರ್ಣದ್ರವ್ಯ ನಿಮಿಷಗಳಲ್ಲಿ ಝಿಯಾಝಾಂಥಿನ್ ಎಂಬ ಇನ್ನೊಂದಾಗಿ ಬದಲಾಗುತ್ತದೆ. ಮುಸುಕಿನ ಜೋಳದ ಹಳದಿಯಲ್ಲಿರುವುದೂ ಇದೇ ವಸ್ತು. ಇದರ ನೆರವಿನಿಂದ ಎಲೆ ಹೆಚ್ಚುವರಿ ಬೆಳಕನ್ನು ಶಾಖವಾಗಿ ಹೊರಗೆ ಚೆಲ್ಲುತ್ತದೆ. ಮತ್ತೆ ನೆರಳು ಬಂದಾಗ ಈ ರಕ್ಷಣೆ ಇಳಿಯುವುದು ನಿಧಾನ. ಅಷ್ಟು ಹೊತ್ತು ಬೆಳಕು ನಷ್ಟ. 2016ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್, ಬರ್ಕ್‌ಲಿಯ ಕೃಷ್ಣ ನಿಯೋಗಿ ಮತ್ತು ಸಂಗಡಿಗರು ತಂಬಾಕಿನ ಗಿಡದಲ್ಲಿ ಈ ಇಳಿತವನ್ನು ಚುರುಕುಗೊಳಿಸಿ, ಹೊಲದಲ್ಲಿ ಗಿಡದ ಒಣತೂಕ ಸುಮಾರು ಶೇ 15ರಷ್ಟು ಹೆಚ್ಚಿದ್ದನ್ನು ತೋರಿಸಿದರು.

ಇದೇ ಜಿಲ್ಲೆಯ ದೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕುರುಚಲು ಕಾಡಿನಲ್ಲಿ ಬೆಳಕಿನ ಲೆಕ್ಕ ಇನ್ನೂ ಕಠಿಣ. ಮಲೆನಾಡಿನ ದಟ್ಟ ಕಾಡಿನ ನೆಲಕ್ಕೆ ಬಿಸಿಲಿನ ಶೇ 1–2 ಪಾಲು ತಲುಪಿದರೆ ಹೆಚ್ಚು. ಇಲ್ಲಿ ಹಾಗಲ್ಲ. ದಿಂಡುಗ, ಮುತ್ತುಗಗಳು ಎಲೆ ಉದುರಿಸಿದಾಗ ನೆಲಕ್ಕೆ ಬೆಳಕು ಧಾರಾಳ, ಆದರೆ ನೀರಿಲ್ಲ. ನೀರು ಬಂದಾಗ ಮೇಲೆ ಎಲೆ ಮುಚ್ಚಿಕೊಳ್ಳುತ್ತದೆ. ಇಂಥ ಒಣ ಕಾಡುಗಳಲ್ಲಿ ಹೊನ್ನೆಯ ಸಸಿ ಬೇಸಿಗೆಯಲ್ಲಿ ಕಾಂಡವನ್ನು ಒಣಗಲು ಬಿಟ್ಟು ಬೇರನ್ನಷ್ಟೇ ಉಳಿಸಿಕೊಂಡು, ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದ ಎತ್ತರ ನೋಡಿ ಅದರ ವಯಸ್ಸು ಹೇಳಲಾಗದು. ಗೇಣುದ್ದದ ಸಸಿಯ ಕೆಳಗೆ ಹಲವು ಬೇಸಿಗೆ ಕಂಡ ಬೇರಿರಬಹುದು.