ಎರಕದ ಮನೆಯ ಹಳೆಯ ಪಿಸಿ

ಫೌಂಡ್ರಿ ಎಂದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಬೆಳಗಾವಿಯ ಉದ್ಯಮಬಾಗ್. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಮೊದಲು ಅದರಿಂದ ಸಣ್ಣದೊಂದು ಬಿಲ್ಲೆ ಎರೆದು, ತಣಿಸಿ, ಸ್ಪೆಕ್ಟ್ರೋಮೀಟರಿನ ಕೋಣೆಗೆ ಒಯ್ಯುವುದು ಈ ಕಸುಬಿನ ರೂಢಿ. ಯಂತ್ರ ಬಿಲ್ಲೆಗೆ ಕಿಡಿ ತಾಗಿಸುತ್ತದೆ, ಹೊಮ್ಮಿದ ಬೆಳಕನ್ನು ಅಳೆಯುತ್ತದೆ. ಕಾರ್ಬನ್ ಎಷ್ಟು, ಸಿಲಿಕಾನ್ ಎಷ್ಟು ಎಂಬ ಲೆಕ್ಕ ಪಕ್ಕದ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಆ ಲೆಕ್ಕ ಬರುವವರೆಗೆ ಕುಲುಮೆ ಕಾಯಬೇಕು.

ಆ ಕಂಪ್ಯೂಟರಿಗೆ ಎಷ್ಟೋ ಕಡೆ ಇಪ್ಪತ್ತು ವರ್ಷ ದಾಟಿರುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು. ಸ್ಪೆಕ್ಟ್ರೋಮೀಟರು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಅದರ ತಂತ್ರಾಂಶ ಎಕ್ಸ್‌ಪಿಯಲ್ಲೇ ಏಳುವುದು, ಅದರ ಕಾರ್ಡು ಹಳೆಯ ಮದರ್‌ಬೋರ್ಡಿನ ಸ್ಲಾಟಿಗೇ ಕೂರುವುದು. ಹೀಗಾಗಿ ಇಲ್ಲಿ ಹಳೆಯ ಪಿಸಿಯನ್ನು ಜೋಪಾನ ಮಾಡುವುದು ಉತ್ಪಾದನೆಯದೇ ಒಂದು ಭಾಗ. ಗುಡಿಸುವ ಕೆಲಸದ ಜೊತೆ ಸೇರಿಸಿ ಯಾರ ಕೈಗೋ ಒಪ್ಪಿಸುವಂಥದ್ದಲ್ಲ.

ಮೊದಲು ಧೂಳನ್ನು ಬೆರಳಿಗೆ ಹಚ್ಚಿಕೊಂಡು ನೋಡಬೇಕು. ಫೌಂಡ್ರಿಯ ಅಚ್ಚಿನ ಮರಳೆಂದರೆ ಸಿಲಿಕಾ, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿಯ ಮಿಶ್ರಣ. ಇದಕ್ಕೆ ಗ್ರೈಂಡಿಂಗಿನಿಂದ ಹಾರುವ ಕಬ್ಬಿಣದ ಪುಡಿಯೂ ಸೇರುತ್ತದೆ. ಸಿಲಿಕಾ ಫ್ಯಾನಿನ ಬೇರಿಂಗನ್ನು ಸವೆಸುತ್ತದೆ, ಕಬ್ಬಿಣದ ಪುಡಿ ವಿದ್ಯುತ್ತನ್ನೇ ಹರಿಸುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕಥೆ ಬೇರೆ: ಅಲ್ಲಿ ನೂಲಿನ ಜುಂಗು ಹೀಟ್‌ಸಿಂಕಿನ ಎಲೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ. ಚಿಮಟದಲ್ಲಿ ಎಳೆದರೆ ಇಡಿಯಾಗಿ ಎದ್ದು ಬರುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯದು ತೌಡಿನ ಧೂಳು. ಅದರಲ್ಲಿ ಎಣ್ಣೆಯ ಅಂಶವಿರುವುದರಿಂದ ಒಣ ಬ್ರಷ್ಷಿಗೆ ಬಗ್ಗದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷೇ ಬೇಕು.

ಕಾರ್ಖಾನೆಯಲ್ಲಿ ಕೈಗೆ ಮೊದಲು ಸಿಗುವುದು ಕಂಪ್ರೆಸರಿನ ಪೈಪು. ಹೆಚ್ಚು ಅನಾಹುತ ಆಗುವುದೂ ಅದರಿಂದಲೇ. 6–7 ಬಾರ್ ಒತ್ತಡದ ಆ ಗಾಳಿಯಲ್ಲಿ ನೀರಿನ ಹನಿಯಿರುತ್ತದೆ, ಎಣ್ಣೆಯ ಪಸೆಯಿರುತ್ತದೆ. ಕಬ್ಬಿಣದ ಪುಡಿಯನ್ನು ಅದು ಹೊರಗೆ ಹಾಕುವುದಕ್ಕಿಂತ ಸ್ಲಾಟುಗಳ ಒಳಕ್ಕೆ ತುರುಕುವುದೇ ಹೆಚ್ಚು. ಗಾಳಿಗೆ ಸಿಕ್ಕ ಫ್ಯಾನು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕಳೆದುಕೊಳ್ಳುತ್ತದೆ. ಸಣ್ಣ ಕೈ ಬ್ಲೋವರ್ ಹಿಡಿದಾಗಲೂ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು.

ಇಷ್ಟಾದರೂ ಅನುಭವಸ್ಥರು ಅಂಜುವುದು ಧೂಳಿಗಲ್ಲ, ಯಂತ್ರವನ್ನು ಆರಿಸುವ ಗಳಿಗೆಗೆ. ವರ್ಷಗಟ್ಟಲೆ ಹಗಲಿರುಳು ತಿರುಗಿದ ಹಾರ್ಡ್‌ಡಿಸ್ಕು ಒಮ್ಮೆ ತಣ್ಣಗಾದರೆ ಮತ್ತೆ ತಿರುಗದೇ ಹೋಗಬಹುದು. ಬಯಾಸಿನ ನೆನಪು ಕಾಯುವ 3 ವೋಲ್ಟಿನ ಸಿಆರ್2032 ಬ್ಯಾಟರಿ ಎಂದೋ ಸತ್ತಿದ್ದರೂ ಕರೆಂಟು ಇರುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ. ಪ್ಲಗ್ ಕಿತ್ತ ಕೂಡಲೇ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ. ಆಮೇಲೆ 'ಕ್ಲೀನ್ ಮಾಡಿದ್ದಕ್ಕೇ ಕೆಟ್ಟಿತು' ಎಂಬ ಮಾತು ಕೇಳಬೇಕಾಗುತ್ತದೆ. ಆದ್ದರಿಂದ ಮುಚ್ಚಳಕ್ಕೆ ಕೈ ಹಾಕುವ ಮೊದಲೇ, ಯಂತ್ರ ನಡೆಯುತ್ತಿರುವಾಗಲೇ, ಡಿಸ್ಕಿನ ಪೂರ್ತಿ ನಕಲು ತೆಗೆದಿಡಬೇಕು. ನಂತರ ಒಮ್ಮೆ ರೀಸ್ಟಾರ್ಟ್ ಮಾಡಿ, ಬಯಾಸಿನ ಒಂದೊಂದು ಪುಟದ ಫೋಟೊ ತೆಗೆದುಕೊಳ್ಳಬೇಕು. ಹಳೆಯ ಐಡಿಇ ಡಿಸ್ಕಿನ ಜಾಗದಲ್ಲಿ ಸಾಮಾನ್ಯ ಅಡಾಪ್ಟರಿನ ಮೂಲಕ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಕೂರಿಸಲು ಬರುತ್ತದೆ. ತಿರುಗುವ ಭಾಗವೇ ಇಲ್ಲದ್ದರಿಂದ ಮರಳು ತುಂಬಿದ ಕೋಣೆಗೆ ಅದು ಹೇಳಿಮಾಡಿಸಿದ ವಸ್ತು.

ಬಿಚ್ಚುವಾಗ ಪೆಂಟಿಯಂ 4ರ ಹೀಟ್‌ಸಿಂಕಿನ ಬಗ್ಗೆ ಎಚ್ಚರ ಬೇಕು. ಒಣಗಿ ಕಲ್ಲಾದ ಪೇಸ್ಟು ಪ್ರೊಸೆಸರನ್ನು ಸಾಕೆಟ್ಟಿನಿಂದ ಕಿತ್ತುಕೊಂಡೇ ಏಳುತ್ತದೆ, ಪಿನ್ನುಗಳು ಬಾಗುತ್ತವೆ. ಯಂತ್ರ ಇನ್ನೂ ಬೆಚ್ಚಗಿರುವಾಗ ಹೀಟ್‌ಸಿಂಕನ್ನು ಮೆಲ್ಲಗೆ ಆಚೀಚೆ ತಿರುಚಿದರೆ ಪೇಸ್ಟು ಸಡಿಲಗೊಳ್ಳುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚಿಗೆ ಶಾಲೆ ಮಕ್ಕಳ ಬಿಳಿ ರಬ್ಬರಿನ ಹಗುರ ಉಜ್ಜು ಸಾಕು. ಹಾರ್ಡ್‌ಡಿಸ್ಕಿನ ಮೇಲಿನ ಉಸಿರಾಟದ ಸಣ್ಣ ತೂತಿಗೆ ಗಾಳಿ ಹೊಡೆಯಕೂಡದು, ಟೇಪೂ ಅಂಟಿಸಕೂಡದು. ಪವರ್ ಸಪ್ಲೈ ಪೆಟ್ಟಿಗೆಯ ಒಳಗೆ ಪ್ಲಗ್ ಕಿತ್ತ ಮೇಲೂ ಅಪಾಯದ ವೋಲ್ಟೇಜು ಉಳಿದಿರುತ್ತದೆ; ತಿಳಿದವರಲ್ಲದಿದ್ದರೆ ಅದನ್ನು ಬಿಚ್ಚುವುದೇ ಬೇಡ.

ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿದೆಯೇ, ಉಬ್ಬಿದೆಯೇ ಎಂದು ನೋಡಲು ಇದೇ ಸಮಯ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಹಳೆಯ ಲೆಕ್ಕ. ಧೂಳಿನ ಕಂಬಳಿ ಹೊದ್ದ ಬೋರ್ಡು ಬೇಗ ಮುಪ್ಪಾಗುವುದು ಇದರಿಂದಲೇ.

ಶುಚಿ ಮಾಡಿದ ಪಿಸಿಯನ್ನು ಮತ್ತೆ ನೆಲದ ಮೇಲಿಟ್ಟರೆ ಪಟ್ಟ ಶ್ರಮ ಒಂದು ತಿಂಗಳೂ ಬಾಳದು. ಎದೆಮಟ್ಟದಲ್ಲಿ ಒಂದು ಕಬ್ಬಿಣದ ಕಪಾಟು ಮಾಡಿಸಿ, ಕೆಳಗೆ ಸ್ಪಂಜಿನ ಫಿಲ್ಟರಿನ ಹಿಂದೆ ಒಳಕ್ಕೆ ಗಾಳಿ ತಳ್ಳುವ ಫ್ಯಾನು, ಮೇಲೆ ಗಾಳಿ ಹೊರಹೋಗುವ ಕಿಂಡಿ ಇಡಬೇಕು. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಸಂದುಗಳಲ್ಲಿ ಗಾಳಿ ಹೊರಕ್ಕೇ ನುಗ್ಗುತ್ತದೆ, ಧೂಳು ಒಳಗೆ ಬರಲಾರದು. ವಾರದ ರಜೆಯ ದಿನ ಸ್ಪಂಜನ್ನು ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಹರವಬೇಕು. ಅದು ಪೂರ್ತಿ ಒಣಗುವವರೆಗೆ ಕೂರಿಸಲು ಅದೇ ಅಳತೆಯ ಇನ್ನೊಂದು ತುಂಡು ಕತ್ತರಿಸಿ ಇಟ್ಟುಕೊಂಡಿರಬೇಕು.